ಮನೆ ಹಿಂದಿನ ಮರ, ನಮ್ಮ ಕೈಬರಹದ ಅರ್ಜಿ

(ಗುಲ್ವಾಡಿಯಲ್ಲಿ ಹೊಸದಾಗಿ ಓದು ಕಲಿತ ಮಹಿಳೆಯರ ಸಭೆಯಲ್ಲಿ ಆಡಿದ ಮಾತು)



ಹೋದ ವರ್ಷ ಮಳೆಗಾಲಕ್ಕೆ ಮುಂಚೆ ನಮ್ಮ ಓದಿನ ತರಗತಿಯಲ್ಲಿ ಒಬ್ಬ ಅಕ್ಕ ಒಂದು ಪ್ರಶ್ನೆ ಕೇಳಿದರು. ಅವರ ಮನೆ ಹಿಂದೆ ಒಂದು ಕಾಟು ಮಾವಿನ ಮರ ಇದೆ. ದೊಡ್ಡ ಮರ. ಅದರ ಎರಡು ಕೊಂಬೆ ಹೆಂಚಿನ ಮಾಡಿನ ಮೇಲೆ ಬಾಗಿದೆ. ಗಾಳಿ ಬಂದರೆ ಸಾಕು, ಮನೆಯವರೆಲ್ಲ ಎದ್ದು ಕೂರುತ್ತಾರೆ. ಮಕ್ಕಳನ್ನು ಆ ಕಡೆಯ ಕೋಣೆಯಲ್ಲಿ ಮಲಗಿಸುವುದಿಲ್ಲ. "ಕಡಿಸಿ ಬಿಡಿ" ಅಂತ ಒಬ್ಬರು ಹೇಳಿದರು. "ಕಡಿಯಬೇಡಿ, ಕೇಸ್ ಆಗುತ್ತದೆ" ಅಂತ ಇನ್ನೊಬ್ಬರು ಹೇಳಿದರು. ಆಗ ಆ ಅಕ್ಕ ಕೇಳಿದರು: "ನಮ್ಮ ಜಾಗ, ನಮ್ಮ ಮರ. ನೀರ್ ಹೊಯ್ದ್ ಬೆಳ್ಸಿದ್ದ್ ನಾವ್. ಕಡೂಕೆ ಬೇರೆಯವ್ರ ಅಪ್ಪಣೆ ಎಂತಕೆ?"

ಒಳ್ಳೆಯ ಪ್ರಶ್ನೆ. ನಮಗೂ ಅವತ್ತು ಪೂರ್ತಿ ಉತ್ತರ ಗೊತ್ತಿರಲಿಲ್ಲ. ಕೇಳಿ ತಿಳಿದುಕೊಂಡೆವು. ತಿಳಿದದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇವೆ.

ನಮ್ಮ ರಾಜ್ಯದಲ್ಲಿ ಒಂದು ಕಾನೂನು ಇದೆ. ಅದರ ಹೆಸರು ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ. ವೃಕ್ಷ ಅಂದರೆ ಮರ. ಸಂರಕ್ಷಣೆ ಅಂದರೆ ಕಾಪಾಡುವುದು. 1976ರಲ್ಲಿ ಈ ಕಾಯ್ದೆ ಬಂತು. ನಮ್ಮ ಸ್ವಂತ ಜಾಗದಲ್ಲಿ ಇರುವ ಮರವಾದರೂ ಕಡಿಯುವ ಮೊದಲು ಅಪ್ಪಣೆ ಕೇಳಬೇಕು ಅಂತ ಈ ಕಾಯ್ದೆ ಹೇಳುತ್ತದೆ. ಅಪ್ಪಣೆ ಕೊಡುವವರಿಗೆ ವೃಕ್ಷ ಅಧಿಕಾರಿ ಅಂತ ಹೆಸರು. ನಮ್ಮ ಕಡೆ ಈ ಕೆಲಸ ನೋಡುವುದು ಅರಣ್ಯ ಇಲಾಖೆ.

ಕಡಿಯುವುದು ಅಂದರೆ ಬುಡಕ್ಕೆ ಕೊಡಲಿ ಹಾಕುವುದು ಮಾತ್ರ ಅಲ್ಲ. ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. ಕೊಂಬೆ ಸವರುವುದು, ತಲೆ ಕಡಿಯುವುದು, ಸುತ್ತಲೂ ತೊಗಟೆ ಕೆತ್ತಿ ಒಣಗಿಸುವುದು, ಮದ್ದು ಹಾಕಿ ಸಾಯಿಸುವುದು, ಬುಡಕ್ಕೆ ಬೆಂಕಿ ಇಡುವುದು ಇವೆಲ್ಲವೂ ಕಾಯ್ದೆಯ ಲೆಕ್ಕದಲ್ಲಿ ಕಡಿದ ಹಾಗೆಯೇ. "ನಾವು ಕಡಿಯಲಿಲ್ಲ, ಅದೇ ಒಣಗಿತು" ಎಂದು ಹೇಳಲು ಕೆಲವರು ಬುಡದಲ್ಲಿ ಏನೇನೋ ಮಾಡುತ್ತಾರೆ. ಅದು ನಡೆಯುವುದಿಲ್ಲ.

ಎಲ್ಲ ಮರಕ್ಕೂ ಹೀಗೆ ಉಂಟಾ? ಇಲ್ಲ. ಹಳ್ಳಿಯ ಜಾಗದಲ್ಲಿ ಕೆಲವು ಮರಗಳಿಗೆ ಬಿಡುಗಡೆ ಇದೆ. ತೆಂಗಿನ ಮರ, ಗಾಳಿಮರ, ನೀಲಗಿರಿ, ರಬ್ಬರ್, ಸಿಲ್ವರ್ ಓಕ್, ಸುಬಾಬುಲ್, ಹೀಗೆ ಒಂದು ಪಟ್ಟಿ ಇದೆ. ಸತ್ತ ತೆಂಗಿನ ಮರ ಕಡಿಸಲು ಹೆದರಬೇಕಾಗಿಲ್ಲ. ಮಾವು, ಹಲಸು, ಹೆಬ್ಬಲಸು, ಸಾಗುವಾನಿ, ಬೀಟೆ ಇಂಥ ಮರ ಆದರೆ ಮೊದಲು ಕೇಳಿ. ಪಟ್ಟಿಗೆ ಆಗಾಗ ಹೆಸರು ಸೇರುವುದೂ ಉಂಟು. ನಿಮ್ಮ ಮರ ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂದು ಅರಣ್ಯ ಕಚೇರಿಯಲ್ಲೇ ಕೇಳಿಕೊಳ್ಳಿ. ಶ್ರೀಗಂಧದ ಕಥೆ ಬೇರೆ. ಮೊದಲು ನಮ್ಮ ಹಿತ್ತಲಲ್ಲಿ ಹುಟ್ಟಿದ ಶ್ರೀಗಂಧವೂ ಸರ್ಕಾರದ್ದೇ ಆಗಿತ್ತು. 2001ರಲ್ಲಿ ಕಾನೂನು ಬದಲಾಯಿತು. ಈಗ ಅದು ಜಾಗದವರದ್ದು. ಆದರೆ ಕಡಿಯಲು, ಮಾರಲು ಇಲಾಖೆಯ ಅಪ್ಪಣೆ ಬೇಕೇ ಬೇಕು.

ಸರ್ಕಾರಕ್ಕೆ ನಮ್ಮ ಮರದ ಮೇಲೆ ಯಾಕೆ ಇಷ್ಟು ಕಣ್ಣು? ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುತ್ತದೆ. ಬಿದ್ದ ನೀರು ಹರಿಯದೆ ನಿಂತರೆ ಇಬ್ಬರು ಹೆಂಗಸರು ಒಬ್ಬರ ಮೇಲೆ ಒಬ್ಬರು ನಿಂತದ್ದಕ್ಕಿಂತಲೂ ಹೆಚ್ಚು ಎತ್ತರ ಆದೀತು. ಇಷ್ಟು ನೀರು ಬಿದ್ದರೂ ಏಪ್ರಿಲ್ ಬಂದಾಗ ನಾವು ಬಾವಿಯ ತಳ ನೋಡುತ್ತೇವೆ. ಕೊಡಪಾನ ಹಿಡಿದು ಇನ್ನೊಬ್ಬರ ಬಾವಿಗೆ ಹೋಗುವವರು ಯಾರು? ನಾವೇ. ಗುಡ್ಡೆಯ ಮೇಲೆ ಮರ ಇದ್ದರೆ ಮಳೆನೀರು ನಿಧಾನವಾಗಿ ಮಣ್ಣಿಗೆ ಇಳಿಯುತ್ತದೆ. ಮರ ಹೋದರೆ ನೀರು ಮಣ್ಣನ್ನೂ ಹೊತ್ತುಕೊಂಡು ಹೊಳೆಗೆ ಓಡುತ್ತದೆ. ಒಬ್ಬರ ಜಾಗದ ಮರ ಹತ್ತು ಮನೆಯ ಬಾವಿಗೆ ಬೇಕು. ಹಾಗಾಗಿ ಕೇಳಿ ಕಡಿಯಿರಿ ಎಂದು ಕಾನೂನು.

ಈಗ ಒಂದು ಮನೆಯ ಕಥೆ ಹೇಳುತ್ತೇವೆ. ಹೆಸರು ಹೇಳುವುದಿಲ್ಲ. ನಮ್ಮ ಕಡೆಯದ್ದೇ.

ಗಂಡ ತೀರಿಹೋದ ಒಬ್ಬ ಅಮ್ಮ. ಮಗಳ ಕಾಲೇಜಿಗೆ ಹಣ ಬೇಕಿತ್ತು. ಮನೆ ಹಿಂದೆ ಎರಡು ಹೆಬ್ಬಲಸಿನ ಮರ ಇತ್ತು. ಹೆಬ್ಬಲಸು ಗೊತ್ತಲ್ಲ, ಬಾಗಿಲು ದಾರಂದಕ್ಕೆ ಒಳ್ಳೆಯ ಮರ. ಒಬ್ಬ ಮರದ ವ್ಯಾಪಾರಿ ಬಂದ. ಮರ ನೋಡಿದ. ಬೆಲೆ ಹೇಳಿದ. ಮುಂಗಡ ಅಂತ 5,000 ರೂಪಾಯಿ ಕೈಯಲ್ಲಿ ಇಟ್ಟ. ಆ ಅಮ್ಮ ಕೇಳಿದರು, "ಅಪ್ಪಣೆ ಗಿಪ್ಪಣೆ ಎಲ್ಲ ಬೇಕಂಬ್ರಲ್ಲ?" ಅವನು ನಕ್ಕ. "ನೀವ್ ಎಂತ ಹೆದ್ರೂದ್ ಅಮ್ಮಾ? ಕಾಗ್ದ ಪತ್ರ ಎಲ್ಲ ನಾನೇ ಕಾಣ್ತೆ. ನೀವ್ ಇಲ್ಲೊಂದ್ ಹೆಬ್ಬೆಟ್ಟ್ ಒತ್ತಿ, ಸಾಕ್" ಅಂದ.

ಕಾಗದದಲ್ಲಿ ಏನೂ ಬರೆದಿರಲಿಲ್ಲ. ಬರೆದಿದ್ದರೂ ಆಗ ಅವರಿಗೆ ಓದಲು ಬರುತ್ತಿರಲಿಲ್ಲ. ಒತ್ತಿದರು.

ಮರ ಕಡಿದರು. ಮರುದಿನ ಬೆಳಗ್ಗೆ ಲಾರಿ ಹೊರಟಿತು. ದಾರಿಯಲ್ಲಿ ಅರಣ್ಯದವರು ಲಾರಿ ನಿಲ್ಲಿಸಿದರು. ಅಪ್ಪಣೆ ಇಲ್ಲ. ಸಾಗಿಸುವ ಪಾಸ್ ಇಲ್ಲ. ವ್ಯಾಪಾರಿ ಜೇಬಿನಿಂದ ಆ ಕಾಗದ ತೆಗೆದ. ಈಗ ಅದರಲ್ಲಿ ಬರಹ ಇತ್ತು! "ಅಪ್ಪಣೆ ನಾನೇ ಪಡೆದಿದ್ದೇನೆ, ಜವಾಬ್ದಾರಿ ನನ್ನದು" ಎಂದು ಆ ಅಮ್ಮನೇ ಬರೆದುಕೊಟ್ಟ ಹಾಗೆ ಬರಹ. ಕೆಳಗೆ ಅವರದೇ ಹೆಬ್ಬೆಟ್ಟು.

ಇನ್ನೊಂದು ಸಂಗತಿಯೂ ಆಗ ಹೊರಗೆ ಬಂತು. ಎರಡು ಮರದಲ್ಲಿ ಒಂದು ಅವರ ಜಾಗದಲ್ಲಿ ಇತ್ತು. ಇನ್ನೊಂದು ಕುಮ್ಕಿಯಲ್ಲಿ ಇತ್ತು. ದಿಮ್ಮಿಗಳೆಲ್ಲ ಸರ್ಕಾರದ ವಶ ಆದವು. ಕೇಸ್ ಆಯಿತು. ಕೂಲಿ ಬಿಟ್ಟು ಎಷ್ಟು ಸಲ ಕುಂದಾಪುರಕ್ಕೆ ಹೋಗಿ ಬಂದರೋ ಲೆಕ್ಕವಿಲ್ಲ. ದಂಡ ಕಟ್ಟಲು ಕಿವಿಯ ಓಲೆ ಅಡವು ಇಟ್ಟರು. ವ್ಯಾಪಾರಿ ಉಳಿದ ಹಣ ಕೊಡಲೇ ಇಲ್ಲ. ಮರವೂ ಹೋಯಿತು, ಹಣವೂ ಹೋಯಿತು.

ನಮ್ಮ ತರಗತಿಗೆ ಆ ಅಮ್ಮ ಬಂದದ್ದು ಅದಾದ ಮೇಲೆ. ಮೊದಲ ದಿನವೇ ಹೇಳಿದರು: "ನಂಗೆ ಅ ಆ ಇ ಈ ಕಡೆಗೆ ಕಲ್ಸಿ. ಮೊದ್ಲ್ ನನ್ನ ಹೆಸ್ರ್ ಬರೂಕೆ ಕಲ್ಸಿ."

ಇಲ್ಲಿ ಒಂದು ಮಾತು ನೆನಪಾಗುತ್ತದೆ. ನಿಮ್ಮ ಈ ಊರಿನ ಹೆಸರನ್ನು ತಮ್ಮ ಹೆಸರಿನ ಜೊತೆ ಹೊತ್ತ ಗುಲ್ವಾಡಿ ವೆಂಕಟರಾಯರು 1899ರಲ್ಲಿ ಒಂದು ಕಾದಂಬರಿ ಬರೆದರು. ಅದರ ಹೆಸರು 'ಇಂದಿರಾಬಾಯಿ'. ಗಂಡ ಸತ್ತ ಎಳೆಯ ಹೆಣ್ಣು ಓದು ಕಲಿತು ತನ್ನ ಬದುಕು ಕಟ್ಟಿಕೊಳ್ಳುವ ಕಥೆ ಅದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಅದನ್ನು ಕರೆಯುತ್ತಾರೆ. ನೂರಕ್ಕೂ ಹೆಚ್ಚು ವರ್ಷ ಕಳೆದಿದೆ. ಬರೆಯದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರು ಇನ್ನೂ ಇದ್ದಾರೆ.

ಇರಲಿ. ಕುಮ್ಕಿ ಅಂದೆವಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇವೆ. ಇದು ನಮ್ಮ ಹಳೆಯ ದಕ್ಷಿಣ ಕನ್ನಡದ ಕ್ರಮ. ಹಳೆಯ ವರ್ಗ ಜಾಗದ ಅಂಚಿನಿಂದ 100 ಗಜದ ಒಳಗೆ ಇರುವ ಸರ್ಕಾರಿ ಜಾಗಕ್ಕೆ ಕುಮ್ಕಿ ಅನ್ನುತ್ತಾರೆ. ಅಲ್ಲಿಂದ ಸೊಪ್ಪು, ತರಗೆಲೆ, ಸೌದೆ ತರುತ್ತೇವೆ. ದನ ಮೇಯಿಸುತ್ತೇವೆ. ಬೇಸಾಯಕ್ಕೆ, ಮನೆ ಬಳಕೆಗೆ ಆ ಸವಲತ್ತು ಇದೆ. ಅಜ್ಜಿಯ ಕಾಲದಿಂದ ಸೊಪ್ಪು ತಂದ ಜಾಗ ನಮ್ಮದೇ ಅಂತ ಅನ್ನಿಸುವುದು ಸಹಜ. ಆದರೆ ಜಾಗ ಸರ್ಕಾರದ್ದು. ಅಲ್ಲಿನ ಮರ ಮಾರುವ ಹಕ್ಕು ನಮಗೆ ಇಲ್ಲ. ಆದ್ದರಿಂದ ಮರ ಯಾವ ಸರ್ವೆ ನಂಬರಿನಲ್ಲಿ ನಿಂತಿದೆ ಎಂಬುದು ಮೊದಲ ಪ್ರಶ್ನೆ. ಬೇಲಿ ನೋಡಿ ಹೇಳಬೇಡಿ. ಪಹಣಿ ನೋಡಿ, ನಕ್ಷೆ ನೋಡಿ. ಗೊತ್ತಾಗದಿದ್ದರೆ ಅಳತೆ ಮಾಡಿಸಿ.

ಪಹಣಿಯನ್ನು ಆರ್‌ಟಿಸಿ ಅಂತಲೂ ಹೇಳುತ್ತಾರೆ. ಅದರಲ್ಲಿ ಯಾರ ಹೆಸರು ಇದೆ ನೋಡಿ. ನಮ್ಮ ಕಡೆ ಅಳಿಯಕಟ್ಟಿನ ಮನೆಗಳಲ್ಲಿ ಆಸ್ತಿ ಹೆಂಗಸರ ಕಡೆಯಿಂದ ಬಂದದ್ದು. ಬೇರೆ ಮನೆಗಳಲ್ಲಿಯೂ 2005ರ ತಿದ್ದುಪಡಿ ಆದ ಮೇಲೆ ಹಿಂದೂ ಕುಟುಂಬದ ಹೆಣ್ಣುಮಕ್ಕಳಿಗೆ ಸಮಪಾಲು ಇದೆ. ಎಷ್ಟೋ ಪಹಣಿಯಲ್ಲಿ ನಮ್ಮದೇ ಹೆಸರು ಇರುತ್ತದೆ. ನಾವು ಅದನ್ನು ಓದಿ ನೋಡಿರುವುದಿಲ್ಲ, ಅಷ್ಟೇ. ಹೆಸರು ನಿಮ್ಮದಾದರೆ ಅರ್ಜಿ ಕೊಡಬೇಕಾದವರೂ ನೀವೇ. ಮೂರು ನಾಲ್ಕು ಜನರ ಹೆಸರು ಜಂಟಿಯಾಗಿ ಇದ್ದರೆ ಎಲ್ಲರ ಒಪ್ಪಿಗೆಯೂ ಬೇಕು. ಅಣ್ಣ ಒಬ್ಬನೇ ಸಹಿ ಹಾಕಿ ಮರ ಮಾರಲು ಬರುವುದಿಲ್ಲ. ತಂಗಿ ಒಬ್ಬಳೇ ಮಾರಲೂ ಬರುವುದಿಲ್ಲ.

ಈಗ ಅರ್ಜಿಗೆ ಬರೋಣ. ಅರ್ಜಿ ಎಂದರೆ ದೊಡ್ಡ ವಿದ್ಯೆ ಅಲ್ಲ. ಅಷ್ಟಿಷ್ಟು ಅಕ್ಷರ ಬಂದರೆ ಸಾಕು.

ಮೊದಲು ಮರ ಅಳೆಯಿರಿ. ನೆಲದಿಂದ ನಾಲ್ಕೂವರೆ ಅಡಿ ಮೇಲೆ, ಅಂದರೆ ಸುಮಾರು ನಿಮ್ಮ ಎದೆಯ ಮಟ್ಟ. ಅಲ್ಲಿ ಒಂದು ಹಗ್ಗ ಸುತ್ತಿ ಹಿಡಿಯಿರಿ. ಆ ಹಗ್ಗವನ್ನು ನೆಲದ ಮೇಲೆ ಚಾಚಿ ಟೇಪಿನಿಂದ ಅಳೆಯಿರಿ. ಅದೇ ಮರದ ಸುತ್ತಳತೆ. ನಾವು ತರಗತಿಯಲ್ಲಿ ಇದನ್ನೇ ಲೆಕ್ಕದ ಪಾಠ ಮಾಡಿದೆವು. ಒಂದು ಮರವನ್ನು ಆರು ಜನ ಅಳೆದರು. ಆರು ಉತ್ತರ ಬಂತು! ಹಗ್ಗ ಸಡಿಲ ಹಿಡಿದವರು ಇಬ್ಬರು, ಬುಡದ ಹತ್ತಿರ ಸುತ್ತಿದವರು ಒಬ್ಬರು. ಮತ್ತೆ ಅಳೆದೆವು.

ಆಮೇಲೆ ಬರೆಯಿರಿ. ಮಾವಿನ ಮರದ ಅಕ್ಕ ಬರೆದದ್ದು ಹೀಗೆ:

"ಇವರಿಗೆ, ವಲಯ ಅರಣ್ಯಾಧಿಕಾರಿಯವರು, ಕುಂದಾಪುರ. ಮಾನ್ಯರೇ, ನನ್ನ ಹೆಸರಿನ ಜಾಗದಲ್ಲಿ ಮನೆಯ ಹಿಂದೆ ಒಂದು ಮಾವಿನ ಮರ ಇದೆ. ಸರ್ವೆ ನಂಬರನ್ನು ಕೆಳಗೆ ಬರೆದಿದ್ದೇನೆ. ಮರದ ಸುತ್ತಳತೆ 7 ಅಡಿ. ಎರಡು ಕೊಂಬೆಗಳು ಮನೆಯ ಮಾಡಿನ ಮೇಲೆ ಬಾಗಿವೆ. ಮಳೆಗಾಲದಲ್ಲಿ ಮುರಿದು ಬಿದ್ದರೆ ಜೀವಕ್ಕೆ ಅಪಾಯ ಇದೆ. ದಯವಿಟ್ಟು ಸ್ಥಳ ನೋಡಿ ಅಪ್ಪಣೆ ಕೊಡಬೇಕಾಗಿ ಕೇಳಿಕೊಳ್ಳುತ್ತೇನೆ. ಪಹಣಿ ಮತ್ತು ನಕ್ಷೆ ಇದರ ಜೊತೆ ಇವೆ."

ಕೆಳಗೆ ಊರು, ತಾರೀಕು, ಸಹಿ. ಅಷ್ಟೇ. 'ಅಪಾಯ' ಬರೆಯುವಾಗ ಅವರು ಮೂರು ಸಲ ಅಳಿಸಿದರು. ಕಾಗದ ಸ್ವಲ್ಪ ಕಪ್ಪಾಯಿತು. ಅದೇ ಕಾಗದ ಕೊಟ್ಟರು. ಯಾರೂ ಬೇಡ ಅನ್ನಲಿಲ್ಲ.

ವಲಯ ಅರಣ್ಯಾಧಿಕಾರಿಯ ಕಚೇರಿಯನ್ನು ಜನ ರೇಂಜರ್ ಆಫೀಸು ಅನ್ನುತ್ತಾರೆ. ನಿಮ್ಮ ಊರಿನ ಅರ್ಜಿ ಯಾರ ಹೆಸರಿಗೆ ಇರಬೇಕು, ಬೇರೆ ಯಾವ ಕಾಗದ ಬೇಕು, ಶುಲ್ಕ ಇದೆಯೋ ಎಂದು ಅಲ್ಲಿ ಮೊದಲೇ ಕೇಳಿಕೊಳ್ಳಿ. ಅರ್ಜಿಯ ಎರಡು ಪ್ರತಿ ಮಾಡಿ. ಒಂದನ್ನು ಕೊಡಿ. ಇನ್ನೊಂದರ ಮೇಲೆ ಸೀಲು, ತಾರೀಕು ಹಾಕಿಸಿ ವಾಪಸು ತನ್ನಿ. ಹಣ ಕಟ್ಟಿದರೆ ರಶೀದಿ ಕೇಳಿ. ರಶೀದಿ ಇಲ್ಲದ ಹಣ ಶುಲ್ಕ ಅಲ್ಲ.

ಆಮೇಲೆ ಇಲಾಖೆಯವರು ಮರ ನೋಡಲು ಮನೆಗೆ ಬರುತ್ತಾರೆ. ಇಲ್ಲಿ ನಮ್ಮ ಹೆಂಗಸರು ಒಂದು ತಪ್ಪು ಮಾಡುತ್ತಾರೆ. "ಮನೇಲಿ ಗಂಡಸ್ರ್ ಇಲ್ಲೆ, ನಾಳೆ ಬನ್ನಿ" ಅಂತ ಕಳಿಸಿ ಬಿಡುತ್ತಾರೆ. ನಾಳೆ ಅಂದರೆ ಅವರು ಮತ್ತೆ ಬರುವುದು ಯಾವಾಗಲೋ. ಅರ್ಜಿ ಬರೆದವರು ನೀವು, ಮರ ತೋರಿಸುವವರೂ ನೀವೇ. ಯಾವ ಕೊಂಬೆ, ಯಾವ ಕಡೆ ಬಾಗಿದೆ, ಮಕ್ಕಳು ಎಲ್ಲಿ ಮಲಗುತ್ತಾರೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಬ್ಬರೇ ನಿಲ್ಲಲು ಸಂಕೋಚ ಆದರೆ ಪಕ್ಕದ ಮನೆಯ ಅಕ್ಕನನ್ನು ಕರೆಯಿರಿ.

ಕೆಲವು ಕಾರಣ ಇದ್ದರೆ ಅಪ್ಪಣೆ ನಿರಾಕರಿಸಬಾರದು ಎಂದು ಕಾಯ್ದೆಯೇ ಹೇಳುತ್ತದೆ. ಮರ ಸತ್ತಿದ್ದರೆ, ರೋಗ ಬಂದಿದ್ದರೆ, ಗಾಳಿಗೆ ಬಿದ್ದಿದ್ದರೆ, ಸಿಡಿಲು ಬೆಂಕಿಯಿಂದ ಹಾಳಾಗಿದ್ದರೆ, ಜೀವಕ್ಕೆ ಅಥವಾ ಮನೆಗೆ ಅಪಾಯ ಇದ್ದರೆ, ಹಳ್ಳಿಯಲ್ಲಿ ನಿಜವಾದ ಮನೆ ಬಳಕೆಗೆ, ಸೌದೆಗೆ, ನೇಗಿಲಿನಂಥ ಬೇಸಾಯದ ಸಾಮಾನಿಗೆ ಬೇಕಾಗಿದ್ದರೆ. ನಿಮ್ಮದು ಇದರಲ್ಲಿ ಯಾವ ಕಾರಣವೋ ಅದನ್ನೇ ಸ್ಪಷ್ಟವಾಗಿ ಬರೆಯಿರಿ. ಸುಳ್ಳು ಕಾರಣ ಬರೆಯಬೇಡಿ, ನೋಡಲು ಬಂದವರಿಗೆ ಗೊತ್ತಾಗುತ್ತದೆ. ಅಪ್ಪಣೆ ಇಲ್ಲ ಎಂದರೆ ಯಾಕೆ ಎಂದು ಬರೆದು ಕೊಡಬೇಕು. ಬಾಯಿಮಾತಿನಲ್ಲಿ "ಆಗುದಿಲ್ಲ" ಅಂದರೆ ಸಾಲದು. ಬರಹದಲ್ಲಿ ಕೇಳಿ. ಬರಹ ಇದ್ದರೆ ಮೇಲ್ಮನವಿಗೆ ದಾರಿ ಇದೆ.

ಅಪ್ಪಣೆಯ ಕಾಗದ ಕೈಗೆ ಬಂತು ಅನ್ನಿ. ಕೊಡಲಿ ಎತ್ತುವ ಮೊದಲು ಅದನ್ನು ಓದಿ. ನಿಧಾನವಾಗಿ, ಬೆರಳಿಟ್ಟು ಓದಿ. ಎಷ್ಟು ಮರ? ಯಾವ ಮರ? ಯಾವ ತಾರೀಕಿನ ಒಳಗೆ? ಒಂದು ಮರಕ್ಕೆ ಅಪ್ಪಣೆ ಇದ್ದು ಎರಡು ಕಡಿದರೆ ಎರಡನೆಯದು ಕಳ್ಳ ಮರವೇ. ಬದಲಿಗೆ ಗಿಡ ನೆಡಬೇಕು ಎಂದೂ ಅದರಲ್ಲಿ ಇರುತ್ತದೆ. ಅದನ್ನು ಹಗುರವಾಗಿ ಬಿಡಬೇಡಿ. ನೆಟ್ಟು ಬೇಲಿ ಕಟ್ಟಿ, ಇಲ್ಲದಿದ್ದರೆ ಆಡು ತಿನ್ನುತ್ತದೆ.

ಕಡಿಯುವ ಅಪ್ಪಣೆ ಬೇರೆ, ಸಾಗಿಸುವ ಪಾಸ್ ಬೇರೆ. ಎಷ್ಟೋ ಜನ ಎಡವುವುದು ಇಲ್ಲೇ. ಮರವನ್ನು ಮಿಲ್ಲಿಗೆ ಸಾಗಿಸುವ ಮೊದಲು ಇಲಾಖೆಯವರನ್ನು ಕೇಳಿ. ಪಾಸ್ ಬೇಕಾದ ಮರ ಆದರೆ ಅವರು ದಿಮ್ಮಿ ಅಳೆದು, ಸುತ್ತಿಗೆಯ ಗುರುತು ಹಾಕಿ, ಪಾಸ್ ಕೊಡುತ್ತಾರೆ. ಆಮೇಲೆ ಲಾರಿ. ವ್ಯಾಪಾರಿ "ಪಾಸ್ ನಾನ್ ಕಾಣ್ತೆ" ಅಂದರೆ "ಕಾಣಿ, ಆದ್ರೆ ನಂಗೂ ತೋರ್ಸಿ" ಎನ್ನಿ. ಲೈನಿನ ತಂತಿಗೆ ಕೊಂಬೆ ತಾಗಿದ್ದರೆ ನೀವು ಕೈ ಹಾಕಲೇ ಬೇಡಿ. ಮೆಸ್ಕಾಂನವರಿಗೆ ತಿಳಿಸಿ. ಅವರು ಕರೆಂಟು ತೆಗೆದ ಮೇಲೆಯೇ ಕೆಲಸ.

ಇಷ್ಟು ಹೊತ್ತು ಕಡಿಯುವ ಅಪ್ಪಣೆಯ ಮಾತು ಆಯಿತು. ಅದೇ ಅರ್ಜಿ ಬರೆಯುವ ಕೈ ಮರ ಉಳಿಸಲೂ ಬರೆಯಬಹುದು. ಸಾಲುಮರದ ತಿಮ್ಮಕ್ಕನವರ ಹೆಸರು ನೀವು ಕೇಳಿದ್ದೀರಿ. ಮಾಗಡಿ ತಾಲೂಕಿನ ಹುಲಿಕಲ್ಲಿನವರು. ಕೂಲಿ ಮಾಡಿ ಬದುಕಿದವರು, ಶಾಲೆಗೆ ಹೋದವರಲ್ಲ. ಗಂಡನ ಜೊತೆ ಸೇರಿ ಹುಲಿಕಲ್ಲಿನಿಂದ ಕುದೂರಿನ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿ ಆಲದ ಗಿಡ ನೆಟ್ಟರು. ಕೊಡದಲ್ಲಿ ನೀರು ಹೊತ್ತು ಹಾಕಿದರು. ನೂರಾರು ಆಲದ ಮರ ಆಯಿತು. 2019ರಲ್ಲಿ ಅವರಿಗೆ ಪದ್ಮಶ್ರೀ ಸಿಕ್ಕಿತು. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಕೆಲಸದಿಂದ ಆ ಮರಗಳಿಗೇ ಕುತ್ತು ಬಂತು. ಸರ್ಕಾರವೇ ಪ್ರಶಸ್ತಿ ಕೊಟ್ಟ ಮರಕ್ಕೆ ಸರ್ಕಾರದ ರಸ್ತೆಯಿಂದಲೇ ಕೊಡಲಿ ನೋಡಿ! ತಿಮ್ಮಕ್ಕ ಸುಮ್ಮನೆ ಕೂರಲಿಲ್ಲ. ಮರ ಕಡಿಯಬೇಡಿ ಎಂದು ಮುಖ್ಯಮಂತ್ರಿಯವರನ್ನೇ ಕೇಳಿದರು. ಬೇರೆ ದಾರಿ ನೋಡಲು ಸರ್ಕಾರ ಹೇಳಿತು. 2025ರ ನವೆಂಬರ್‌ನಲ್ಲಿ ತಿಮ್ಮಕ್ಕ ತೀರಿಕೊಂಡರು.

ಸಾರ್ವಜನಿಕ ಕೆಲಸಕ್ಕೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಮೊದಲು ಪ್ರಕಟಣೆ ಕೊಡಬೇಕು, ಜನರ ಆಕ್ಷೇಪಣೆ ಕೇಳಬೇಕು ಎಂದು ಈಗ ಕಾಯ್ದೆಯಲ್ಲಿ ಇದೆ. ಪ್ರಕಟಣೆ ಪತ್ರಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ. ಮೀನು ಕಟ್ಟಿಕೊಂಡು ಬಂದ ಪೇಪರನ್ನೂ ಒಮ್ಮೆ ಬಿಡಿಸಿ ಓದುವ ಅಭ್ಯಾಸ ನಮ್ಮ ತರಗತಿಯ ಕೆಲವರಿಗೆ ಆಗಿದೆ. ನಮಗೆ ಅದು ಬಹಳ ಖುಷಿ.

ಮಾವಿನ ಮರದ ಅಕ್ಕನ ಕಥೆ ಅರ್ಧದಲ್ಲಿ ಬಿಟ್ಟೆವು. ಇಲಾಖೆಯವರು ಬಂದು ನೋಡಿದರು. ಬುಡ ಗಟ್ಟಿ ಇದೆ, ಇಡೀ ಮರ ಕಡಿಯುವುದು ಬೇಡ, ಮಾಡಿನ ಮೇಲಿನ ಎರಡು ಕೊಂಬೆ ತೆಗೆದರೆ ಸಾಕು ಅಂದರು. ಅಷ್ಟಕ್ಕೇ ಅಪ್ಪಣೆ ಬಂತು. ಮರ ಹತ್ತುವವರನ್ನು ಕರೆಸಿ, ಕೊಂಬೆಗೆ ಹಗ್ಗ ಕಟ್ಟಿ, ಒಂದು ಹೆಂಚೂ ಒಡೆಯದ ಹಾಗೆ ಇಳಿಸಿದರು. ಸೌದೆ ಮಳೆಗಾಲ ಪೂರ್ತಿ ಬಂತು. ಮಕ್ಕಳು ಈಗ ಆ ಕೋಣೆಯಲ್ಲೇ ಮಲಗುತ್ತಾರೆ. ಈ ವರ್ಷ ಮರದ ತುಂಬ ಮಿಡಿ ಬಿಟ್ಟಿದೆ. ಒಂದು ಭರಣಿ ಉಪ್ಪಿನಕಾಯಿ ನಮ್ಮ ತರಗತಿಗೂ ಬಂದಿದೆ. ಆ ಅಪ್ಪಣೆಯ ಕಾಗದವನ್ನು ಅಕ್ಕ ಎಲ್ಲಿ ಇಟ್ಟಿದ್ದಾರೆ ಗೊತ್ತೇ? ಮಗಳ ಮದುವೆಯ ಸೀರೆಯ ಮಡಿಕೆಯಲ್ಲಿ.

ಮಳೆಗೆ ಇನ್ನು ಹೆಚ್ಚು ದಿನ ಇಲ್ಲ. ಮುಂದಿನ ವಾರ ಬರುವಾಗ ನಿಮ್ಮ ನಿಮ್ಮ ಪಹಣಿ ತನ್ನಿ, ಒಟ್ಟಿಗೆ ಕೂತು ಓದುವ. ಹಗ್ಗ, ಟೇಪು ನಾವು ತರುತ್ತೇವೆ.